ಗಟಾರದ ಹೂಳಿಗೆ ದರ ಹಾಕುವ ಮುನ್ನ

ಹೂಳೆತ್ತುವ ಕಾಮಗಾರಿಗೂ ಉಳಿದ ಸಿವಿಲ್ ಕಾಮಗಾರಿಗಳಿಗೂ ಮೂಲದಲ್ಲೇ ಒಂದು ವ್ಯತ್ಯಾಸವಿದೆ. ರಸ್ತೆ ಮಾಡಿದರೆ ರಸ್ತೆ ಉಳಿಯುತ್ತದೆ, ಗೋಡೆ ಕಟ್ಟಿದರೆ ಗೋಡೆ ನಿಲ್ಲುತ್ತದೆ. ಅನುಮಾನ ಬಂದವರು ಮರುವರ್ಷವೂ ಟೇಪು ಹಿಡಿದು ಅಳೆಯಬಹುದು, ಬೇಕಿದ್ದರೆ ಕೋರ್ ತೆಗೆದು ಕಾಂಕ್ರೀಟಿನ ದಪ್ಪ ನೋಡಬಹುದು. ನಾಲಾದ ಹೂಳು ತೆಗೆದ ಮೇಲೆ ಉಳಿಯುವುದು ಬರಿಯ ತಗ್ಗು, ಅದನ್ನೂ ಮಿರಗದ ಎರಡು ದೊಡ್ಡ ಮಳೆಗಳು ಮತ್ತೆ ತುಂಬಿಬಿಡುತ್ತವೆ. ತೆಗೆದ ಹೂಳಾದರೂ ಎಲ್ಲೋ ಊರಹೊರಗೆ ಸುರಿದು ಚದುರಿಹೋಗಿರುತ್ತದೆ. ಹೀಗಾಗಿ ಈ ಕೆಲಸದ ಟೆಂಡರಿನಲ್ಲಿ ನಾವು ಬರೆಯುವ ದರ ಮೇಲ್ನೋಟಕ್ಕೆ ಹೂಳಿನ ದರವಾಗಿ ಕಂಡರೂ, ನಿಜದಲ್ಲಿ ಅದು ಅಳತೆಯ ಮೇಲೆ ನಮಗೆ ಎಷ್ಟು ಭರವಸೆಯಿದೆ ಎಂಬುದರ ಲೆಕ್ಕವಾಗಿರುತ್ತದೆ.

ಹುಬ್ಬಳ್ಳಿಯಲ್ಲಿ ಸಣ್ಣ ಪ್ರಮಾಣದ ಗುತ್ತಿಗೆ ಕೆಲಸ ಮಾಡಿಕೊಂಡಿರುವ ನನ್ನನ್ನು, ಹೊಸದಾಗಿ ಲೈಸೆನ್ಸ್ ಮಾಡಿಸಿಕೊಂಡ ಹುಡುಗರು ಬೇಸಿಗೆ ಬಂತೆಂದರೆ ಕೇಳುವುದು ಒಂದೇ ಪ್ರಶ್ನೆ: "ಅಣ್ಣಾರ, ಈ ಸಲ ಎಷ್ಟು ಬಿಲೋ ಹೋಗಬೇಕ್ರಿ?" ಅಂದಾಜು ಮೊತ್ತಕ್ಕಿಂತ ಶೇಕಡಾ ಎಷ್ಟು ಕಡಿಮೆಗೆ ಬರೆದರೆ ಕೆಲಸ ಸಿಕ್ಕೀತು ಎಂಬುದಷ್ಟೇ ಅವರ ಚಿಂತೆ. ಸಿಕ್ಕ ಕೆಲಸಕ್ಕೆ ಕೊನೆಗೆ ಎಷ್ಟರ ಬಿಲ್ಲು ಆಗುತ್ತದೆ, ಆ ಬಿಲ್ಲಿನಲ್ಲಿ ಕೈಗೆ ಬರುವುದೆಷ್ಟು ಎಂದು ಯಾರೂ ಕೇಳುವುದಿಲ್ಲ. ಗಟಾರ ಮತ್ತು ನಾಲಾ ನಿರ್ವಹಣೆಯ ಟೆಂಡರುಗಳಲ್ಲಿ ಈ ಎರಡನೆಯ ಪ್ರಶ್ನೆಯೇ ದೊಡ್ಡದು.

ಯಾವ ಕೆಲಸ ಟೆಂಡರಿಗೆ ಬರುತ್ತದೆ ಎಂಬುದನ್ನು ಮೊದಲು ಹೇಳಿಬಿಡುತ್ತೇನೆ. ಚರಂಡಿಗಳನ್ನು ಕಟ್ಟುವುದು, ಕಾಪಾಡುವುದು, ಸ್ವಚ್ಛವಾಗಿಡುವುದು ಮಹಾನಗರ ಪಾಲಿಕೆಯ ಕಡ್ಡಾಯ ಕರ್ತವ್ಯವೆಂದು 1976ರ ಕರ್ನಾಟಕ ಮುನಿಸಿಪಲ್ ಕಾರ್ಪೊರೇಷನ್ ಅಧಿನಿಯಮದ 58ನೆಯ ಪ್ರಕರಣವೇ ಹೇಳುತ್ತದೆ. ಹುಬ್ಬಳ್ಳಿ-ಧಾರವಾಡದ 82 ವಾರ್ಡುಗಳಲ್ಲಿ ಓಣಿಯೊಳಗಿನ ಸಣ್ಣ ಗಟಾರಗಳನ್ನು ಬಳಿಯುವುದು ಪೌರಕಾರ್ಮಿಕರ ದಿನನಿತ್ಯದ ಕೆಲಸ. ಅವರಿಗೆ ನೇರವಾಗಿ ವೇತನ ಕೊಡುವ ವ್ಯವಸ್ಥೆ ಬಂದ ಮೇಲೆ ಆ ಭಾಗದಲ್ಲಿ ಗುತ್ತಿಗೆದಾರನಿಗೆ ಜಾಗ ಕಡಿಮೆಯಾಗಿದೆ, ಹಾಗಾದದ್ದು ಒಳ್ಳೆಯದೇ ಎಂಬುದು ನನ್ನ ಅಭಿಪ್ರಾಯ. ಗುತ್ತಿಗೆಗೆ ಬರುವುದು ಯಂತ್ರ ಇಳಿಸಬೇಕಾದ ದೊಡ್ಡ ನಾಲಾಗಳ ಹೂಳು, ಮೋರಿಗಳ (ರಸ್ತೆಯಡಿಯ ಸಣ್ಣ ಸೇತುವೆಗಳ) ಕೆಳಗಿನ ಕಸ, ಕುಸಿದ ಪಿಚಿಂಗ್ (ದಂಡೆಯ ಕಲ್ಲುಹಾಸು), ಒಡೆದ ಫರ್ಸಿಗಳ (ಕಲ್ಲುಚಪ್ಪಡಿಗಳ) ಬದಲಾವಣೆ, ಇಂಥವು. ಗದಗ-ಬೆಟಗೇರಿ ಮತ್ತು ಹಾವೇರಿಯ ನಗರಸಭೆಗಳಲ್ಲಿ ಕಾಮಗಾರಿಯ ಗಾತ್ರ ಚಿಕ್ಕದಿರುತ್ತದೆ, ಬಗೆ ಇದೇ. ಟೆಂಡರಿಲ್ಲದೆ ಕೊಡುವ ತುಂಡು ಗುತ್ತಿಗೆಯ ಮಿತಿಯೊಳಗಿನ ಕೆಲಸಗಳನ್ನು ಬಿಟ್ಟರೆ ಉಳಿದದ್ದೆಲ್ಲ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆಯ 1999ರ ಅಧಿನಿಯಮದ ಪ್ರಕಾರ, ನಾವೆಲ್ಲ ಕೆ.ಟಿ.ಪಿ.ಪಿ. ಎಂದು ಕರೆಯುವ ಕಾಯ್ದೆಯ ಪ್ರಕಾರ, ಕರ್ನಾಟಕ ಸಾರ್ವಜನಿಕ ಸಂಗ್ರಹಣಾ ಪೋರ್ಟಲ್‌ನಲ್ಲಿ ಪ್ರಕಟವಾಗುತ್ತದೆ.

ಟೆಂಡರ್ ಪ್ರಕಟವಾದ ಕೂಡಲೇ ನಾನು ಮಾಡುವ ಮೊದಲ ಕೆಲಸ ನಾಲಾದ ಉದ್ದಕ್ಕೂ ನಡೆಯುವುದು. ಅಂದಾಜುಪಟ್ಟಿಯಲ್ಲಿ ಉದ್ದ, ಅಗಲ, ಸರಾಸರಿ ಹೂಳಿನ ಆಳ ಎಂದು ಮೂರು ಅಂಕಿಗಳಿರುತ್ತವೆ. ಉದ್ದ ಮತ್ತು ಅಗಲಗಳಲ್ಲಿ ಸುಳ್ಳು ಹೇಳುವುದು ಕಷ್ಟ, ಆಳದಲ್ಲಿ ಹಾಗಲ್ಲ. ಉದಾಹರಣೆಗೆ 600 ಮೀಟರ್ ಉದ್ದ, 3 ಮೀಟರ್ ಅಗಲದ ನಾಲಾದಲ್ಲಿ ಸರಾಸರಿ 60 ಸೆಂಟಿಮೀಟರ್ ಹೂಳಿದೆ ಎಂದಿದ್ದರೆ ಒಟ್ಟು 1,080 ಘನ ಮೀಟರ್ ಆಗುತ್ತದೆ. ಆಳದ ಅಂದಾಜು ಕೇವಲ 15 ಸೆಂಟಿಮೀಟರ್, ಅಂದರೆ ಒಂದು ಗೇಣಿಗಿಂತ ಕಡಿಮೆ, ಆಚೀಚೆ ಆದರೂ 270 ಘನ ಮೀಟರ್ ವ್ಯತ್ಯಾಸ ಬೀಳುತ್ತದೆ. ಅದು ಇಡೀ ಕೆಲಸದ ಕಾಲುಭಾಗ. ಯಾರ ಕಣ್ಣಿಗೂ ಬೀಳದ ಒಂದು ಗೇಣು ಕೆಸರಿನಲ್ಲಿ ಗುತ್ತಿಗೆದಾರನ ಲಾಭವೂ ಇರಬಹುದು, ಅವನ ಮನೆಯ ಬಂಗಾರವೂ ಮುಳುಗಿಹೋಗಬಹುದು.

ಆಳ ನೋಡಲು ದೊಡ್ಡ ಉಪಕರಣವೇನೂ ಬೇಡ. ತಳಕ್ಕೆ ಕಾಂಕ್ರೀಟ್ ಅಥವಾ ಕಲ್ಲು ಹಾಸಿದ ನಾಲಾ ಆಗಿದ್ದರೆ, ಗುರುತು ಹಾಕಿದ ಕಬ್ಬಿಣದ ಸರಳನ್ನು ಅಲ್ಲಲ್ಲಿ ಚುಚ್ಚಿ ನೋಡಿದರೆ ಸಾಕು, ಗಟ್ಟಿ ತಳ ತಾಗುತ್ತದೆ. ಕಚ್ಚಾ ನಾಲಾದಲ್ಲಿ ಈ ಉಪಾಯ ನಡೆಯುವುದಿಲ್ಲ, ಏಕೆಂದರೆ ಅಲ್ಲಿ ಹೂಳು ಎಲ್ಲಿಗೆ ಮುಗಿಯಿತು, ಮೂಲ ನೆಲ ಎಲ್ಲಿಂದ ಶುರುವಾಯಿತು ಎಂಬುದಕ್ಕೆ ಗೆರೆಯೇ ಇರುವುದಿಲ್ಲ. ಬಕೆಟ್ ಸ್ವಲ್ಪ ಹೆಚ್ಚು ಇಳಿದರೆ ಆ ಹೆಚ್ಚುವರಿ ಅಗೆತಕ್ಕೆ ಹಣವಿಲ್ಲ; ಅದಕ್ಕಿಂತ ಮುಖ್ಯವಾಗಿ, ನಾಲಾದ ಅಂಚಿಗೇ ಹಿತ್ತಲ ಗೋಡೆ ಕಟ್ಟಿಕೊಂಡವರ ಪಾಯ ಸಡಿಲಾದರೆ ಅದರ ಜವಾಬ್ದಾರಿ ಕೂಡ ನಮ್ಮ ತಲೆಗೇ ಬರುತ್ತದೆ.

ಹೂಳಿನ ಗುಣ ಊರಿನಿಂದ ಊರಿಗೆ ಬದಲಾಗುತ್ತದೆ ಎಂಬುದನ್ನು ಅಂದಾಜುಪಟ್ಟಿ ಗಣನೆಗೆ ತೆಗೆದುಕೊಳ್ಳುವುದಿಲ್ಲ. ಧಾರವಾಡ ದಿಬ್ಬಗಳ ಊರು. ಅಲ್ಲಿ ಮಳೆನೀರು ಇಳಿಜಾರಿನಲ್ಲಿ ರಭಸದಿಂದ ಓಡಿ ಬರುವುದರಿಂದ ತಗ್ಗಿನ ಟೋಲನಾಕಾದಂಥ ಕಡೆ ರಸ್ತೆಯ ಮೇಲೇ ನೀರು ನಿಲ್ಲುತ್ತದೆ, ಮತ್ತು ಆ ನೀರು ಹೊತ್ತು ತರುವುದರಲ್ಲಿ ಗರಸು ಮತ್ತು ಮರಳಿನ ಪಾಲು ಹೆಚ್ಚು. ಗರಸು ಬೇಗ ನೀರು ಬಸಿಯುತ್ತದೆ, ಟಿಪ್ಪರಿನಿಂದ ಸಲೀಸಾಗಿ ಜಾರುತ್ತದೆ. ಹುಬ್ಬಳ್ಳಿಯದು ಎರೆನೆಲ. ಉಣಕಲ್ ಕೆರೆಯ ಕೆಳಗಿನಿಂದ ಊರ ನಡುವೆ ಹಾದುಹೋಗುವ ನಾಲಾವಿರಲಿ, ಹಳೇ ಹುಬ್ಬಳ್ಳಿಯ ಕಡೆಯ ಚಿಕ್ಕ ನಾಲಾಗಳಿರಲಿ, ತಳದಲ್ಲಿ ಕೂತಿರುವುದು ಕಪ್ಪು ಜಿಗುಟು, ಅದರೊಳಗೆ ಪ್ಲಾಸ್ಟಿಕ್, ಹರಕು ಬಟ್ಟೆ, ಮನೆ ಕೆಡವಿದ ಇಟ್ಟಿಗೆ ಚೂರು. ನಮ್ಮ ಜೆಸಿಬಿ ಚಾಲಕನೊಬ್ಬ ಒಮ್ಮೆ ಹೇಳಿದ ಮಾತು ಯಾವ ದರ ವಿಶ್ಲೇಷಣೆಗಿಂತಲೂ ಸರಿಯಾಗಿದೆ: "ಇದು ಮಣ್ಣಲ್ರಿ ಸರ, ಅಂಟು. ಬಕೆಟ್ ಬಡದ್ರೂ ಬೀಳಂಗಿಲ್ಲ." ಎರೆಯ ಕೆಸರಿನಲ್ಲಿ ಯಂತ್ರದ ಒಂದು ಗಂಟೆಯ ಕೆಲಸ ಗರಸಿನ ಒಂದು ಗಂಟೆಯ ಕೆಲಸಕ್ಕೆ ಎಂದೂ ಸಮವಾಗುವುದಿಲ್ಲ, ಆದರೆ ಬಾಡಿಗೆ ಮಾತ್ರ ಅದೇ ಗಂಟೆಯ ಲೆಕ್ಕ.

ಅದಾದ ಮೇಲೆ ಸಾಗಣೆ. ಮೇಲಿನ 1,080 ಘನ ಮೀಟರನ್ನೇ ತೆಗೆದುಕೊಂಡರೆ, 6 ಘನ ಮೀಟರ್ ಹಿಡಿಯುವ ಟಿಪ್ಪರಿನಲ್ಲಿ 180 ಟ್ರಿಪ್ ಎಂದು ಕಾಗದದ ಲೆಕ್ಕ ಹೇಳುತ್ತದೆ. ಹಸಿ ಕೆಸರನ್ನು ಅಂಚಿನವರೆಗೆ ತುಂಬಿದರೆ ಅದು ತಿರುವು ತಿರುವಿಗೂ ರಸ್ತೆಯ ಮೇಲೆ ಚೆಲ್ಲುತ್ತದೆ, ಹಿಂದೆ ಬರುವ ಬೈಕು ಜಾರುತ್ತದೆ, ಜನ ಟಿಪ್ಪರನ್ನು ತಡೆದು ನಿಲ್ಲಿಸುತ್ತಾರೆ. ಆದ್ದರಿಂದ 4 ಘನ ಮೀಟರಿಗಿಂತ ಹೆಚ್ಚು ತುಂಬಲಾಗುವುದಿಲ್ಲ ಎಂದುಕೊಂಡರೆ ಟ್ರಿಪ್ಪುಗಳು 270 ಆಗುತ್ತವೆ. ಡೀಸೆಲ್ ಖರ್ಚು ಒಂದೂವರೆ ಪಟ್ಟು. ದಂಡೆಯ ಮೇಲೆ ರಾಶಿ ಹಾಕಿ ಒಣಗಿಸಿ ಒಯ್ಯೋಣವೆಂದರೆ, ಊರೊಳಗೆ ಅಷ್ಟು ಜಾಗವೂ ಇಲ್ಲ, ವಾಸನೆ ತಡೆದುಕೊಳ್ಳುವ ನೆರೆಹೊರೆಯವರೂ ಇಲ್ಲ, ಮೇ ಕೊನೆಯ ವಾರದಲ್ಲಿ ರೋಹಿಣಿ ಮಳೆ ಬಂದರೆ ರಾಶಿ ಇದ್ದಕ್ಕಿದ್ದಂತೆ ಮರಳಿ ನಾಲಾಕ್ಕೇ ಇಳಿಯುತ್ತದೆ. ಕೆರೆಯ ಹೂಳಾದರೆ ಗೊಬ್ಬರವೆಂದು ರೈತರೇ ಟ್ರ್ಯಾಕ್ಟರ್ ತಂದು ಹೊಲಕ್ಕೆ ಹೇರಿಕೊಂಡು ಹೋಗುತ್ತಾರೆ. ಗಟಾರದ ಹೂಳನ್ನು ಪುಕ್ಕಟೆ ಕೊಟ್ಟರೂ ಯಾವ ರೈತನೂ ಬಾಂದಿನೊಳಗೆ ಬಿಟ್ಟುಕೊಳ್ಳುವುದಿಲ್ಲ. ಹೀಗಾಗಿ ಎಲ್ಲಿ ಸುರಿಯಬೇಕು, ಅದು ಎಷ್ಟು ದೂರ, ಆ ಲೀಡ್ (ಸಾಗಣೆಯ ದೂರ) ಅಂದಾಜಿನಲ್ಲಿ ಸೇರಿದೆಯೋ ಇಲ್ಲವೋ ಎಂಬುದನ್ನು ದರ ಬರೆಯುವ ಮೊದಲೇ ತಿಳಿದುಕೊಳ್ಳಬೇಕು.

ಯಂತ್ರ ಎಲ್ಲಿಂದ ಇಳಿಯುತ್ತದೆ ಎಂಬುದನ್ನೂ ನಡೆದೇ ನೋಡಬೇಕು. ಎರಡೂ ಬದಿ ಮನೆಗಳಿರುವ ಕಡೆ ಹಿಟಾಚಿಗೆ ಮೋರಿಯ ಮೇಲೆ ನಿಂತು ಎಟುಕಿದಷ್ಟೇ ಗತಿ. ಮೋರಿಯ ಕೆಳಗೆ, ಅಡ್ಡಹಾಯ್ದ ನೀರಿನ ಪೈಪುಗಳ ಸುತ್ತ, ಕೇಬಲ್ಲುಗಳು ಜೋತುಬಿದ್ದ ಕಡೆ ಬಕೆಟ್ ಹೋಗುವುದೇ ಇಲ್ಲ. ದುರದೃಷ್ಟವೆಂದರೆ ಕಸ ಸಿಕ್ಕಿಕೊಂಡು ಹೂಳು ಹೆಚ್ಚಾಗಿ ನಿಲ್ಲುವುದೂ ಅಲ್ಲಿಯೇ. ಅಂಥ ಕಡೆ ಮನುಷ್ಯರನ್ನು ಇಳಿಸುವ ಮಾತು ಬಂದಾಗ 2013ರ ಕಾಯ್ದೆಯನ್ನು ಮರೆಯುವಂತಿಲ್ಲ. ಮಲಹೊರುವ ವೃತ್ತಿಯ ನಿಷೇಧದ ಆ ಕಾಯ್ದೆ ಒಳಚರಂಡಿಯ ಮ್ಯಾನ್‌ಹೋಲಿಗಷ್ಟೇ ಸಂಬಂಧಿಸಿದ್ದೆಂದು ಬಹಳ ಗುತ್ತಿಗೆದಾರರು ತಿಳಿದಿದ್ದಾರೆ. ಅನೈರ್ಮಲ್ಯ ಶೌಚಾಲಯಗಳ ಮಲ ಬಂದು ಸೇರುವ ತೆರೆದ ಚರಂಡಿಯೂ ಅದರ ವ್ಯಾಖ್ಯೆಯೊಳಗೆ ಬರುತ್ತದೆ. ಮಳೆನೀರಿನ ನಾಲಾ ಎಂದು ಟೆಂಡರಿನಲ್ಲಿ ಬರೆದಿದ್ದ ಮಾತ್ರಕ್ಕೆ ಅದರಲ್ಲಿ ಮಳೆನೀರೇ ಹರಿಯುತ್ತದೆ ಎನ್ನಲಾಗುವುದಿಲ್ಲ. ಒಳಚರಂಡಿ ಜೋಡಣೆಯಾಗದ ಬಡಾವಣೆಯ ಕೆಳಗಿನ ನಾಲಾ ಹೇಗಿರುತ್ತದೆ ಎಂಬುದು ಮೂಗಿಗೇ ಗೊತ್ತಾಗುತ್ತದೆ. ಒಳಚರಂಡಿ ಸ್ವಚ್ಛಗೊಳಿಸುವಾಗ ಸತ್ತವರ ಕುಟುಂಬಕ್ಕೆ ಕೊಡಬೇಕಾದ ಪರಿಹಾರವನ್ನು ಸರ್ವೋಚ್ಚ ನ್ಯಾಯಾಲಯ 2014ರಲ್ಲಿ 10 ಲಕ್ಷ ಎಂದಿದ್ದುದನ್ನು 2023ರ ಅಕ್ಟೋಬರಿನಲ್ಲಿ 30 ಲಕ್ಷಕ್ಕೆ ಏರಿಸಿತು. ಪರಿಹಾರದ ಮಾತು ಒತ್ತಟ್ಟಿಗಿರಲಿ, ಒಬ್ಬನನ್ನು ಅಲ್ಲಿಗೆ ಇಳಿಸಿ ಉಳಿಸುವ ದುಡ್ಡು ಯಾರ ಮನೆಗೂ ಬೇಡ. ಮೋರಿಯ ಕೆಳಗಿನ ಹೂಳಿಗೆ, ನೀರು ಚಿಮ್ಮಿಸಿ ಅದನ್ನು ಸಡಿಲಿಸುವ ಜೆಟ್ಟಿಂಗ್ ಮತ್ತು ಹೀರಿ ತೆಗೆಯುವ ಸಕ್ಷನ್ ಯಂತ್ರದ ಬಾಡಿಗೆಯನ್ನು ಹಿಡಿದೇ ದರ ಕಟ್ಟಬೇಕು. ಹಾಗೆ ಹಿಡಿದಾಗ ನಮ್ಮ ದರ ಪಕ್ಕದವನ ದರಕ್ಕಿಂತ ಹೆಚ್ಚಾಗುವುದಾದರೆ ಆ ಕೆಲಸ ಪಕ್ಕದವನಿಗೇ ಹೋಗಲಿ.

ಅರ್ಹತೆಯ ವಿಷಯದಲ್ಲಿ ಹೊಸಬರು ಎಡವುವುದು ವಹಿವಾಟಿನ ಪ್ರಮಾಣಪತ್ರದಲ್ಲಿ ಅಲ್ಲ, ಟೆಂಡರ್ ಸಾಮರ್ಥ್ಯದ ಸೂತ್ರದಲ್ಲಿ. ನಮ್ಮ ರಾಜ್ಯದ ಮಾದರಿ ಟೆಂಡರ್ ದಸ್ತಾವೇಜಿನಲ್ಲಿ, ಮುಖ್ಯವಾಗಿ ದೊಡ್ಡ ಮೊತ್ತಕ್ಕೆ ಬಳಸುವ ಕೆ.ಡಬ್ಲ್ಯೂ.-4ರಲ್ಲಿ, ಈ ಸೂತ್ರವಿದೆ: ಕಳೆದ ಐದು ವರ್ಷಗಳಲ್ಲಿ ಯಾವುದಾದರೂ ಒಂದು ವರ್ಷ ಮಾಡಿದ ಅತಿ ಹೆಚ್ಚಿನ ಕೆಲಸದ ಮೊತ್ತವನ್ನು ಕಾಮಗಾರಿಗೆ ನಿಗದಿಯಾದ ವರ್ಷಗಳಿಂದ ಗುಣಿಸಿ, ಅದನ್ನು ಒಂದೂವರೆಯಿಂದ ಗುಣಿಸಿ, ಆ ಅವಧಿಯಲ್ಲಿ ಮುಗಿಸಬೇಕಾದ ಕೈಯಲ್ಲಿರುವ ಕೆಲಸಗಳ ಮೊತ್ತವನ್ನು ಕಳೆಯಬೇಕು. ಹೂಳಿನ ಕೆಲಸಕ್ಕೆ ಅವಧಿ ಮೂರು ತಿಂಗಳು, ಅಂದರೆ ಕಾಲು ವರ್ಷ ಎಂದುಕೊಳ್ಳಿ. ವರ್ಷಕ್ಕೆ 80 ಲಕ್ಷದ ಕೆಲಸ ಮಾಡಿದವನ ಸಾಮರ್ಥ್ಯ ಇಲ್ಲಿ 30 ಲಕ್ಷಕ್ಕೆ ಇಳಿಯುತ್ತದೆ. ಕೈಯಲ್ಲಿ 12 ಲಕ್ಷದ ಬೇರೊಂದು ಕೆಲಸವಿದ್ದರೆ ಉಳಿಯುವುದು 18 ಲಕ್ಷ. ಈ ಸೂತ್ರ ಹಾಕಿದ 25 ಲಕ್ಷದ ಹೂಳಿನ ಟೆಂಡರಿಗೆ ಅವನು ಅರ್ಹತೆ ನೋಡುವ ತಾಂತ್ರಿಕ ಲಕೋಟೆಯಲ್ಲಿಯೇ ಹೊರಬೀಳುತ್ತಾನೆ, ದರದ ಲಕೋಟೆ ತೆರೆಯುವುದೇ ಇಲ್ಲ. ಹಾಗೆ ಹೊರಬಿದ್ದದ್ದು ತಪ್ಪು ಲೆಕ್ಕದಿಂದ ಎನಿಸಿದರೆ ಕೆ.ಟಿ.ಪಿ.ಪಿ. ಕಾಯ್ದೆಯ 16ನೆಯ ಪ್ರಕರಣದಡಿ 30 ದಿನಗಳೊಳಗೆ ಮೇಲ್ಮನವಿ ಹಾಕಬಹುದು. ಪರಿಶಿಷ್ಟ ಜಾತಿಯವರಿಗೆ ಶೇ. 17.15, ಪರಿಶಿಷ್ಟ ಪಂಗಡದವರಿಗೆ ಶೇ. 6.95ರಷ್ಟು ಕಾಮಗಾರಿಗಳನ್ನು ಮೀಸಲಿಡುವ ನಿಯಮ ಅನ್ವಯಿಸುವ ಕಾಮಗಾರಿಯ ಮೊತ್ತದ ಮಿತಿ ಮೊದಲು 50 ಲಕ್ಷವಿದ್ದುದು 2023ರಲ್ಲಿ ಒಂದು ಕೋಟಿಗೆ ಏರಿದೆ. ನಾಲಾ ನಿರ್ವಹಣೆಯ ಬಹುತೇಕ ಕೆಲಸಗಳ ಗಾತ್ರ ಈ ಮಿತಿಯೊಳಗೇ ಇರುವುದರಿಂದ, ಟೆಂಡರ್ ಯಾವ ವರ್ಗಕ್ಕೆ ಎಂಬುದನ್ನು ಪ್ರಕಟಣೆಯಲ್ಲಿ ಮೊದಲೇ ನೋಡಿಕೊಳ್ಳುವುದು ಒಳಿತು.

ತೆರಿಗೆಯ ಲೆಕ್ಕ ಮಾತ್ರ ಸ್ವಲ್ಪ ನಿಧಾನವಾಗಿ ನೋಡಬೇಕಾದದ್ದು. ಸ್ಥಳೀಯ ಸಂಸ್ಥೆಗಳ ಸಿವಿಲ್ ಕಾಮಗಾರಿಗಳ ಮೇಲಿನ ಜಿ.ಎಸ್.ಟಿ. 2022ರ ಜುಲೈ 18ರಿಂದ ಶೇ. 12ರ ಬದಲು ಶೇ. 18 ಆಯಿತು, ಇದು ಎಲ್ಲರಿಗೂ ಗೊತ್ತು. ಆದರೆ ಹೂಳೆತ್ತುವುದು ಬೇರೆ ಬಗೆಯದು. ಸಂವಿಧಾನದ ಹನ್ನೆರಡನೆಯ ಅನುಸೂಚಿಯಲ್ಲಿ ನಗರ ಸಂಸ್ಥೆಗಳಿಗೆ ವಹಿಸಿದ ಕಾರ್ಯಗಳಲ್ಲಿ ಸಾರ್ವಜನಿಕ ಆರೋಗ್ಯ ಮತ್ತು ನೈರ್ಮಲ್ಯ ಸೇರಿವೆ. ಅಂಥ ಕಾರ್ಯಗಳಿಗೆ ಸಂಬಂಧಿಸಿದಂತೆ ಸ್ಥಳೀಯ ಸಂಸ್ಥೆಗೆ ಬರಿಯ ಸೇವೆಯನ್ನಷ್ಟೇ ಕೊಟ್ಟರೆ, ಅಥವಾ ಒಟ್ಟು ಮೊತ್ತದಲ್ಲಿ ಸಾಮಗ್ರಿಯ ಪಾಲು ಶೇ. 25 ಮೀರದಿದ್ದರೆ, ತೆರಿಗೆ ವಿನಾಯಿತಿ ಇದೆ. ಬರಿಯ ಹೂಳು ತೆಗೆದು ಸಾಗಿಸುವ ಟೆಂಡರ್ ಈ ವಿನಾಯಿತಿಯೊಳಗೆ ಬರುತ್ತದೆ. ಅದೇ ಟೆಂಡರಿಗೆ ಫರ್ಸಿ ಬದಲಾವಣೆ, ಕಾಂಕ್ರೀಟ್ ಗೋಡೆಯ ದುರಸ್ತಿ ಸೇರಿಸಿ ಸಾಮಗ್ರಿಯ ಪಾಲು ಕಾಲುಭಾಗ ದಾಟಿತೆಂದರೆ ವಿನಾಯಿತಿ ಉಳಿಯುವುದಿಲ್ಲ. ವಿನಾಯಿತಿ ಎಂದರೆ ಲಾಭವೆಂದು ಹಿಗ್ಗುವಂತೆಯೂ ಇಲ್ಲ: ಯಂತ್ರದ ಬಾಡಿಗೆಗೆ ನಾವು ಕೊಟ್ಟ ಶೇ. 18ರ ತೆರಿಗೆಯನ್ನು ಆಗ ಎಲ್ಲಿಯೂ ವಜಾ ಮಾಡಿಕೊಳ್ಳಲಾಗುವುದಿಲ್ಲ, ಅದು ನೇರವಾಗಿ ಖರ್ಚಿಗೆ ಸೇರುತ್ತದೆ. ಹೀಗಾಗಿ ಸ್ವಂತ ಜೆಸಿಬಿ ಇದ್ದವನಿಗೂ ಬಾಡಿಗೆಗೆ ತಂದವನಿಗೂ ದರದಲ್ಲಿ ಬೀಳುವ ಅಂತರ ಮೇಲ್ನೋಟಕ್ಕೆ ಕಾಣುವುದಕ್ಕಿಂತ ಹೆಚ್ಚು. ಬಿಲ್ಲಿನಲ್ಲಿ ಆದಾಯ ತೆರಿಗೆ ವ್ಯಕ್ತಿಗೆ ಶೇ. 1, ಸಂಸ್ಥೆಗೆ ಶೇ. 2, ಕಾರ್ಮಿಕ ಸೆಸ್ ಶೇ. 1, ಜೊತೆಗೆ ಭದ್ರತಾ ಠೇವಣಿ ಹಿಡಿಯುತ್ತಾರೆ. ಇವನ್ನು ಎಲ್ಲ ಗುತ್ತಿಗೆದಾರರೂ ಬಲ್ಲರು.

ಈಗ ಬಿಲೋ ವಿಷಯಕ್ಕೆ ಬರುತ್ತೇನೆ. ಅಂದಾಜಿಗೆ ಆಧಾರವಾದ ಸರ್ಕಾರಿ ದರಪಟ್ಟಿಯ (ಎಸ್.ಆರ್.) ದರದಲ್ಲಿ ಮೇಲ್ವೆಚ್ಚವೂ ಗುತ್ತಿಗೆದಾರನ ಲಾಭವೂ ಸೇರಿರುತ್ತವೆ ಎಂಬುದು ನಿಜವೇ ಆದರೂ, ಡೀಸೆಲ್ ಎಲ್ಲರಿಗೂ ಒಂದೇ ಬೆಲೆ, ಚಾಲಕನ ಪಗಾರ ಹೆಚ್ಚುಕಡಿಮೆ ಒಂದೇ, ಸುರಿಯುವ ಜಾಗವೂ ಒಂದೇ. ಹಾಗಿರುವಾಗ ಅಂದಾಜಿಗಿಂತ ಶೇ. 30ರಷ್ಟು ಕಡಿಮೆಗೆ ಬರೆದವನು ಆ ಹಣವನ್ನು ಎಲ್ಲಿ ಉಳಿಸುತ್ತಾನೆ? ಯಂತ್ರ ಸ್ವಂತದ್ದಿದ್ದು ಕೆಲಸವಿಲ್ಲದೆ ನಿಂತಿದ್ದರೆ ಕಂತು ಕಟ್ಟುವಷ್ಟು ಬಂದರೆ ಸಾಕೆಂದು ಒಬ್ಬ ಬರೆಯಬಹುದು; ಪಕ್ಕದಲ್ಲೇ ತಗ್ಗು ತುಂಬಿಸಿಕೊಳ್ಳುವ ಸೈಟಿನವರು ಸಿಕ್ಕಿ ಸಾಗಣೆ ಉಳಿದೀತೆಂದು ಇನ್ನೊಬ್ಬ ಬರೆಯಬಹುದು. ಇವೆರಡೂ ನ್ಯಾಯವಾದ ಕಾರಣಗಳು. ಮೂರನೆಯ ಕಾರಣ ಒಂದೇ: ತೆಗೆಯದ ಹೂಳನ್ನು ತೆಗೆದೆನೆಂದು ಬರೆಸುವುದು. ದರ ತೀರಾ ಅಸಮತೋಲನವೆನಿಸಿದರೆ ದರ ವಿಶ್ಲೇಷಣೆ ಕೇಳಲು, ಹೆಚ್ಚುವರಿ ಭದ್ರತಾ ಠೇವಣಿ ಇಡಿಸಿಕೊಳ್ಳಲು ಟೆಂಡರ್ ಷರತ್ತಿನಲ್ಲಿ ಅವಕಾಶವಿದೆ. ಆದರೆ ಠೇವಣಿಯಿಂದ ಕೆಲಸ ಅರ್ಧಕ್ಕೆ ಬಿಟ್ಟು ಓಡುವವನನ್ನು ಹಿಡಿಯಬಹುದೇ ಹೊರತು, ಬಿಲ್ಲಿಗೆ ಆಧಾರವಾದ ಅಳತೆ ಪುಸ್ತಕದಲ್ಲಷ್ಟೇ ಕೆಲಸ ಪೂರ್ತಿ ಮುಗಿಸಿದವನನ್ನು ಹಿಡಿಯಲಾಗುವುದಿಲ್ಲ.

ಈ ಸುಳ್ಳು ಅಳತೆಯನ್ನು ಹಿಡಿಯುವುದು ಕೆಲಸ ಶುರುವಾಗುವ ಮುಂಚಿನ ಲೆವೆಲ್ಲುಗಳು, ಅಂದರೆ ಎತ್ತರದ ಅಳತೆಗಳು, ಮಾತ್ರ. ಪ್ರತಿ ಹತ್ತು ಮೀಟರಿಗೊಮ್ಮೆ ನಾಲಾದ ಅಡ್ಡಕೊಯ್ತದ ಲೆವೆಲ್ ಹಿಡಿದು, ಮೋರಿಯ ಕಟ್ಟೆಯ ಮೇಲೆ ಬಣ್ಣದಿಂದ ಬೆಂಚ್‌ಮಾರ್ಕ್ ಗುರುತಿಸಿ, ಕಿರಿಯ ಎಂಜಿನಿಯರ್ (ಜೆ.ಇ.) ಮತ್ತು ಗುತ್ತಿಗೆದಾರ ಇಬ್ಬರೂ ಸಹಿ ಮಾಡಿದ ಹಾಳೆ ಇದ್ದರೆ, ಕೆಲಸ ಮುಗಿದ ಮರುದಿನ ಅದೇ ಬಿಂದುಗಳಲ್ಲಿ ಮತ್ತೆ ಲೆವೆಲ್ ಹಿಡಿದು ಎರಡರ ವ್ಯತ್ಯಾಸಕ್ಕೆ ಹಣ ಕೊಡಬಹುದು. ಇದು ಪ್ರಾಮಾಣಿಕ ಗುತ್ತಿಗೆದಾರನಿಗೇ ಹೆಚ್ಚಿನ ರಕ್ಷಣೆ, ಏಕೆಂದರೆ ಮಳೆ ಬಿದ್ದು ಹೊಸ ಹೂಳು ಕೂತ ಮೇಲೆ ಬಂದ ಮೂರನೆಯವರ ತಪಾಸಣೆಯಲ್ಲಿ ಅವನ ಬಳಿ ತೋರಿಸಲು ಇರುವುದು ಆ ಹಾಳೆಯೊಂದೇ. ಜಿ.ಪಿ.ಎಸ್. ಫೋಟೊ ಅಂಟಿಸಿದರೆ ಸಾಕೆನ್ನುವ ಅಧಿಕಾರಿಗಳೂ ಇದ್ದಾರೆ. ಫೋಟೊದಲ್ಲಿ ಜೆಸಿಬಿ ಎಲ್ಲಿ ನಿಂತಿತ್ತೆಂಬುದು ತಿಳಿಯುತ್ತದೆ, ಎಷ್ಟು ಆಳಕ್ಕೆ ಇಳಿಯಿತೆಂಬುದು ತಿಳಿಯುವುದಿಲ್ಲ. ಟಿಪ್ಪರುಗಳನ್ನು ತೂಕದ ಕಾಟಾದ ಮೇಲೆ ಹಾಯಿಸುವುದು ಇನ್ನೊಂದು ದಾರಿ. ಕೆಸರಿನ ಜೊತೆ ನೀರಿಗೂ ದುಡ್ಡು ಕೊಟ್ಟಂತಾಗುವುದರಿಂದ ನನಗೆ ಅದು ಅಷ್ಟಾಗಿ ಒಪ್ಪಿಗೆಯಿಲ್ಲ.

ನನ್ನ ಮನಸ್ಸು ಹೆಚ್ಚಾಗಿ ವಾಲುವುದು ವಾರ್ಷಿಕ ನಿರ್ವಹಣೆಯ ಗುತ್ತಿಗೆಯ ಕಡೆಗೆ. ಅದರಲ್ಲಿ ಘನ ಮೀಟರಿನ ಜಗಳವಿಲ್ಲ. ಇಷ್ಟು ಉದ್ದದ ನಾಲಾ ವರ್ಷವಿಡೀ ನೀರು ಹರಿಯುವಂತೆ ಇರಬೇಕು, ಅದಕ್ಕೆ ತಿಂಗಳಿಗಿಷ್ಟು ಎಂದು ಒಪ್ಪಂದ. ಹೂಳು ಎಷ್ಟಿತ್ತು ಎಂಬುದನ್ನು ಯಾರೂ ಸಾಬೀತು ಮಾಡಬೇಕಿಲ್ಲ, ಇವತ್ತು ನೀರು ನಿಂತಿದೆಯೋ ಹರಿಯುತ್ತಿದೆಯೋ ಎಂಬುದನ್ನು ಓಣಿಯ ಯಾರು ಬೇಕಾದರೂ ನೋಡಬಹುದು. ಇದರಲ್ಲಿರುವ ಅಪಾಯ ಬೇರೆಯದು: ರಾತ್ರೋರಾತ್ರಿ ಮನೆ ಕೆಡವಿದ ಮಣ್ಣನ್ನು ನಾಲಾಕ್ಕೆ ಸುರಿದುಹೋಗುವವರ ಹೊರೆ ನಮ್ಮ ಮೇಲೆ ಬೀಳುತ್ತದೆ. ಕಟ್ಟಡ ತ್ಯಾಜ್ಯ ತೆಗೆಯಲು ಪ್ರತ್ಯೇಕ ಐಟಂ ಇದ್ದರೆ ಮಾತ್ರ ಈ ಗುತ್ತಿಗೆ ನಿಭಾಯಿಸಬಹುದು, ಇಲ್ಲದಿದ್ದರೆ ಆ ಹೊರೆಗೂ ಸೇರಿಸಿ ದರ ಬರೆಯಬೇಕಾಗುತ್ತದೆ.

ಹೀಗಾಗಿ ಟೆಂಡರ್ ಪ್ರಕಟವಾದ ಮೇಲೆ, ಸ್ಪಷ್ಟೀಕರಣ ಕೇಳುವ ಅವಧಿಯೊಳಗೆ, ನಾನು ಲಿಖಿತವಾಗಿ ಕೇಳುವುದು ಮೂರು ಸಂಗತಿ. ಪೂರ್ವ ಲೆವೆಲ್ಲುಗಳನ್ನು ಜಂಟಿಯಾಗಿ ದಾಖಲಿಸುತ್ತೀರಾ, ಹೂಳು ಸುರಿಯುವ ಜಾಗ ಯಾವುದು ಮತ್ತು ಎಷ್ಟು ಲೀಡ್ ಹಿಡಿದಿದ್ದೀರಿ, ಮೋರಿಯ ಕೆಳಗಿನ ಭಾಗಕ್ಕೆ ಯಂತ್ರದ ಐಟಂ ಇದೆಯೇ. ಉತ್ತರ ತಿದ್ದುಪಡಿಯ ರೂಪದಲ್ಲಿ ಬಂದರೆ ಅದು ಎಲ್ಲ ಟೆಂಡರುದಾರರಿಗೂ ಅನ್ವಯಿಸುತ್ತದೆ, ಆಗ ಎಲ್ಲರೂ ಒಂದೇ ಕೆಲಸಕ್ಕೆ ದರ ಬರೆದಂತಾಗುತ್ತದೆ. ಈ ಬೇಸಿಗೆಯಲ್ಲಿ ನಮ್ಮ ಭಾಗದ ಸ್ಥಳೀಯ ಸಂಸ್ಥೆಯೊಂದರಿಂದ ಬಂದ ಉತ್ತರ "ಟೆಂಡರ್ ಷರತ್ತಿನಂತೆ" ಎಂಬ ಎರಡೇ ಪದ; ಷರತ್ತಿನಲ್ಲಿ ಆ ಮೂರರ ಪ್ರಸ್ತಾಪವೇ ಇರಲಿಲ್ಲ. ಆ ಟೆಂಡರಿಗೆ ನಾನು ದರ ಹಾಕಲಿಲ್ಲ. ಇನ್ನೊಂದು ಊರಿನ ವಾರ್ಷಿಕ ನಿರ್ವಹಣೆಯ ಟೆಂಡರಿನಲ್ಲಿ ಕಟ್ಟಡ ತ್ಯಾಜ್ಯದ ಐಟಂ ಪ್ರತ್ಯೇಕವಾಗಿದ್ದುದರಿಂದ, ಅಂದಾಜಿಗಿಂತ ಸ್ವಲ್ಪವೇ ಕಡಿಮೆಗೆ ಬರೆದು ಹಾಕಿದ್ದೇನೆ. ತಾಂತ್ರಿಕ ಲಕೋಟೆಯಲ್ಲಿ ಅರ್ಹನಾಗಿದ್ದೇನೆ, ದರದ ಲಕೋಟೆ ಇನ್ನೂ ತೆರೆದಿಲ್ಲ.